ವೈದ್ಯಕೀಯ ಓದಲು ನನ್ನ ಕಾರಣ ಸಾಕೇ? ಈಗಿನಿಂದ ಯಾವ ತಯಾರಿ ಮಾಡಿಕೊಳ್ಳಬೇಕು?

ಪ್ರಶ್ನೆ – ಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಶಾಲಾ ಶಿಕ್ಷಣದ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ವೈದ್ಯಕೀಯ ಓದಬೇಕೆಂಬ ಆಸೆಯಿದೆ. ಮನೆಯವರ ಒತ್ತಾಯವೇನೂ ಇಲ್ಲ, ಬೇಡವೆಂದು ತಡೆದವರೂ ಇಲ್ಲ. ಆದರೆ "ಯಾಕೆ ವೈದ್ಯೆಯಾಗಬೇಕು?" ಎಂದು ಯಾರಾದರೂ ಕೇಳಿದಾಗ ನನ್ನಲ್ಲಿರುವ ಉತ್ತರ ತೀರಾ ಸಣ್ಣದೆನಿಸಿ ಸುಮ್ಮನಾಗಿಬಿಡುತ್ತೇನೆ. ಜನಸೇವೆಗಾಗಿ ಎಂದು ಹೇಳಬಹುದು. ಆದರೆ ಜನಸೇವೆಗೆ ಬೇರೆ ನೂರು ದಾರಿಗಳಿರುವಾಗ ಅದು ವೈದ್ಯಕೀಯಕ್ಕೇ ಸಲ್ಲುವ ಕಾರಣ ಹೇಗಾದೀತು ಎಂದು ನನಗೇ ಅನಿಸುತ್ತದೆ.

ನಿಜ ಹೇಳಬೇಕೆಂದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂತ್ರಪಿಂಡದ ಪಾಠ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆದು, ಅದರಲ್ಲಿ ನೂರಕ್ಕೆ 99ರಷ್ಟನ್ನು ಮತ್ತೆ ರಕ್ತಕ್ಕೇ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುವ ಆ ವ್ಯವಸ್ಥೆಯನ್ನು ಓದಿದಾಗ, ಪರೀಕ್ಷೆಗೆ ಬೇಕಾದುದಕ್ಕಿಂತ ಹೆಚ್ಚಿನದನ್ನು ನಾನಾಗಿಯೇ ಹುಡುಕಿ ಓದತೊಡಗಿದೆ. ಅದೇ ಸಮಯಕ್ಕೆ ನಮ್ಮ ದೊಡ್ಡಪ್ಪನವರಿಗೆ ಡಯಾಲಿಸಿಸ್, ಅಂದರೆ ಕೆಟ್ಟ ಮೂತ್ರಪಿಂಡದ ಬದಲು ಯಂತ್ರದಿಂದ ರಕ್ತ ಸೋಸುವ ಚಿಕಿತ್ಸೆ, ಶುರುವಾಯಿತು. ವಾರಕ್ಕೆ ಮೂರು ಸಲ, ಪ್ರತಿ ಸಲವೂ ನಾಲ್ಕು ಗಂಟೆ. ಕುಡಿಯಲು ಅನುಮತಿಯಿರುವ ಅಂದಿನ ನೀರನ್ನು ಅವರು ಬೆಳಿಗ್ಗೆಯೇ ಗೆರೆ ಹಾಕಿದ ಬಾಟಲಿಯಲ್ಲಿ ಅಳೆದಿಟ್ಟುಕೊಳ್ಳುತ್ತಾರೆ. ಮಾತ್ರೆ ನುಂಗುವುದಕ್ಕೂ ಅದರಿಂದಲೇ ಗುಟುಕು ಲೆಕ್ಕ ಹಾಕುತ್ತಾರೆ. ಪಾಠದಲ್ಲಿ ಇರುವ ಅಂಗವೂ ಈ ಬಾಟಲಿಯೂ ಒಂದೇ ವಿಷಯದ ಎರಡು ಬದಿ ಎಂದು ಹೊಳೆದಂದಿನಿಂದ ಬೇರೆ ಓದು ನನಗೆ ರುಚಿಸುತ್ತಿಲ್ಲ. ಇಷ್ಟೇ ನನ್ನ ಕಾರಣ. ಇದು ಸಾಕೇ?

ಎರಡನೆಯದಾಗಿ, ಪ್ರವೇಶ ಪರೀಕ್ಷೆಗೆ ಓದುವುದರ ಹೊರತಾಗಿ ಈಗಿನಿಂದಲೇ ಮಾಡಿಕೊಳ್ಳಬೇಕಾದ ತಯಾರಿ ಏನಾದರೂ ಇದೆಯೇ? ಕೊನೆಯದಾಗಿ ಒಂದು ಅಳುಕು: ರಕ್ತ ತೆಗೆಯುವುದನ್ನು ನೋಡಿದರೆ ನನಗೆ ಕಣ್ಣು ಕತ್ತಲೆ ಬರುತ್ತದೆ. ಇಂಥವರು ಈ ಕಡೆ ತಲೆಹಾಕಲೇಬಾರದೆಂದು ಗೆಳತಿಯರು ಹೇಳುತ್ತಾರೆ. ಅನುಭವಸ್ಥರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 – ಸಾಮಾನ್ಯ ವೈದ್ಯಶಾಸ್ತ್ರ ವಿಭಾಗದ ವೈದ್ಯರು, ಬೋಧಕರು

ನಿಮ್ಮ ಕಾರಣ ಸಣ್ಣದಲ್ಲ. ದೊಡ್ಡ ಮಾತಿನಲ್ಲಿ ಹೇಳಲು ಬಾರದಿರುವುದರಿಂದ ನಿಮಗೆ ಹಾಗೆನಿಸುತ್ತಿದೆ, ಅಷ್ಟೇ.

ವೈದ್ಯವೃತ್ತಿಗೆ ಬರುವವರಲ್ಲಿ ಎರಡು ಬಗೆಯ ಸೆಳೆತಗಳಿರುತ್ತವೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ: ದೇಹ ಹೇಗೆ ನಡೆಯುತ್ತದೆಂಬ ಕುತೂಹಲ ಒಂದು, ನೋವಿನಲ್ಲಿರುವವರ ಬಗೆಗಿನ ಕಾಳಜಿ ಇನ್ನೊಂದು. ಇವೆರಡನ್ನು ಬೇರೆ ಬೇರೆಯಾಗಿ ಇಟ್ಟು, ಯಾವುದು ಹೆಚ್ಚೆಂದು ವಿದ್ಯಾರ್ಥಿಗಳನ್ನು ಕೇಳುವ ರೂಢಿ ನನಗೆ ಮೊದಲಿನಿಂದಲೂ ಒಪ್ಪಿಗೆಯಾಗಿಲ್ಲ, ಏಕೆಂದರೆ ರೋಗಿಯ ಮಗ್ಗುಲಲ್ಲಿ ಅವು ಬೇರೆಯಾಗಿ ಉಳಿಯುವುದೇ ಇಲ್ಲ. ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ. ಉಸಿರಾಟದ ತೊಂದರೆಯೆಂದು ಬಂದ ವಯಸ್ಸಾದವರನ್ನು ಮಾತನಾಡಿಸುವಾಗ ನಾವು ಕೇಳುವ ಪ್ರಶ್ನೆಗಳಲ್ಲಿ ಒಂದು, "ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?" ಎಂಬುದು. ಮನುಷ್ಯ ನಿಂತಿರುವಾಗ ಕಾಲುಗಳಲ್ಲಿ ತಂಗಿರುವ ಅರ್ಧ ಲೀಟರಿನಷ್ಟು ರಕ್ತವು ಅಂಗಾತ ಮಲಗಿದೊಡನೆ ಎದೆಯ ಕಡೆಗೆ ಹರಿದು ಬರುತ್ತದೆ. ಗಟ್ಟಿಮುಟ್ಟಾದ ಹೃದಯ ಅದನ್ನು ಸಲೀಸಾಗಿ ಮುಂದಕ್ಕೆ ದಾಟಿಸುತ್ತದೆ. ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆಯಾದ ಎಡ ಹೃತ್ಕುಕ್ಷಿ ದುರ್ಬಲವಾಗಿದ್ದರೆ ಆ ರಕ್ತ ಶ್ವಾಸಕೋಶಗಳಲ್ಲಿ ಕಟ್ಟಿಕೊಂಡು, ದ್ರವ ಜಿನುಗಿ, ಉಸಿರು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ರೋಗಿ ತನಗೇ ಅರಿವಿಲ್ಲದಂತೆ ಒಂದು ದಿಂಬಿನ ಜಾಗದಲ್ಲಿ ಎರಡು, ಎರಡರ ಜಾಗದಲ್ಲಿ ಮೂರು ಇಟ್ಟುಕೊಳ್ಳುತ್ತಾ ಬಂದಿರುತ್ತಾರೆ. ಈ ಪ್ರಶ್ನೆಯನ್ನು ಕೇಳಲು ಶರೀರಕ್ರಿಯಾಶಾಸ್ತ್ರ ಗೊತ್ತಿರಬೇಕು. ಆದರೆ ಉತ್ತರ ಸಿಗಬೇಕಾದರೆ ಎದುರಿಗೆ ಕುಳಿತು, ಅವಸರ ತೋರದೆ, ಅವರ ರಾತ್ರಿ ಹೇಗೆ ಕಳೆಯುತ್ತದೆಂದು ತಿಳಿಯುವ ಮನಸ್ಸಿರಬೇಕು. "ಈಗ ಕುರ್ಚಿಯಲ್ಲೇ ಮಲಗುತ್ತೇನೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ" ಎಂಬ ಉತ್ತರ ಬಂದಾಗ, ಅದು ರೋಗನಿರ್ಣಯವೂ ಹೌದು, ಒಬ್ಬ ಮನುಷ್ಯ ಒಂಟಿಯಾಗಿ ನುಂಗಿಕೊಂಡಿದ್ದ ಭಯವೂ ಹೌದು.

ನಿಮ್ಮ ದೊಡ್ಡಪ್ಪನವರ ಬಾಟಲಿಯನ್ನು ನೀವು ನೋಡಿದ ರೀತಿ ಇದೇ ಜಾತಿಯದು. ಅದು ಅಪರೂಪವೆಂದು ನಾನು ಹೊಗಳುತ್ತಿಲ್ಲ. ಆ ನೋಟವನ್ನು ಕಳೆದುಕೊಳ್ಳಬೇಡಿ ಎನ್ನುತ್ತಿದ್ದೇನೆ. ವೈದ್ಯಶಿಕ್ಷಣದ ಮೊದಲ ವರ್ಷಗಳಲ್ಲಿ ಓದುವ ಹೊರೆ ಎಷ್ಟಿರುತ್ತದೆಂದರೆ, ಅಂಗವೊಂದೇ ಉಳಿದು ಬಾಟಲಿ ಮರೆತುಹೋಗುವ ಸಾಧ್ಯತೆ ಬಹಳ.

ಇನ್ನೊಂದು ಮಾತು. ವೃತ್ತಿಯ ಗೌರವ, ಸಂಪಾದನೆ, ಕೆಲಸದ ಭದ್ರತೆ ಇವೂ ಕಾರಣಗಳ ಪಟ್ಟಿಯಲ್ಲಿದ್ದರೆ ನಾಚಬೇಕಿಲ್ಲ, ಆದರೆ ಅವಷ್ಟೇ ಆಗಿದ್ದರೆ ದಾರಿ ಬಹಳ ಉದ್ದವೆನಿಸುತ್ತದೆ. ಹೆಚ್ಚಿನ ದೇಶಗಳಲ್ಲಿ ಮೂಲ ಪದವಿಗೇ ಐದಾರು ವರ್ಷ ಹಿಡಿಯುತ್ತದೆ, ಕೆಲವೆಡೆ ಬೇರೊಂದು ಪದವಿಯನ್ನು ಮುಗಿಸಿದ ಮೇಲಷ್ಟೇ ಪ್ರವೇಶ. ಅದರ ಮೇಲೆ ತಜ್ಞತೆಗೆ ಮತ್ತೂ ಹಲವು ವರ್ಷ. ಅಷ್ಟು ಕಾಲ ಮನುಷ್ಯನನ್ನು ನಡೆಸುವುದು ಎಂದೋ ಬರಲಿರುವ ಹೆಸರಲ್ಲ. ಆದ್ದರಿಂದ "ವೈದ್ಯೆಯಾಗುವುದು ಇಷ್ಟವೇ?" ಎಂದು ಕೇಳಿಕೊಳ್ಳುವ ಬದಲು, "ವೈದ್ಯರ ಸಾಮಾನ್ಯ ದಿನವೊಂದರ ಕೆಲಸಗಳಲ್ಲಿ ಯಾವುದು ನನಗೆ ಇಷ್ಟವಾದೀತು?" ಎಂದು ಕೇಳಿಕೊಳ್ಳಿ. ಒಂದೇ ಬಗೆಯ ದೂರನ್ನು ಬೆಳಗಿನಿಂದ ಸಂಜೆಯವರೆಗೆ ಹತ್ತಾರು ಬಾಯಿಂದ ಕೇಳುವುದು, ಕೇಸ್ ಶೀಟ್ ಬರೆಯುವುದು, ಗುಣವಾಗದ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು, ನಿದ್ದೆಗೆಟ್ಟ ಡ್ಯೂಟಿಯ ಕೊನೆಯಲ್ಲೂ ಔಷಧದ ಪ್ರಮಾಣವನ್ನು ಇನ್ನೊಮ್ಮೆ ಲೆಕ್ಕ ಹಾಕಿ ನೋಡುವುದು. ಈ ಕೆಲಸಗಳನ್ನು ಹತ್ತಿರದಿಂದ ನೋಡಿದ ಮೇಲೂ ಆಸೆ ಉಳಿದರೆ, ಆ ಆಸೆಯ ಮೇಲೆ ಭಾರ ಹಾಕಬಹುದು.

ಉತ್ತರ 2 – ವೈದ್ಯಕೀಯ ಎರಡನೇ ವರ್ಷದ ವಿದ್ಯಾರ್ಥಿ

ಸರ್ ಅವರು ಕಾರಣದ ಬಗ್ಗೆ ಹೇಳಿದ್ದಾರೆ, ನಾನು ಓದುವ ಬಗ್ಗೆ ಮಾತ್ರ ಹೇಳುತ್ತೇನೆ. ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ನನ್ನ ಅನೇಕ ಸಹಪಾಠಿಗಳು ಮೊದಲ ವರ್ಷ ತತ್ತರಿಸಿದ್ದು ಬುದ್ಧಿ ಸಾಲದೆ ಅಲ್ಲ, ಶಾಲೆಯ ಓದಿನ ಕ್ರಮವನ್ನೇ ಅಲ್ಲಿಗೂ ತಂದದ್ದರಿಂದ. ಅಧ್ಯಾಯವನ್ನು ಮೂರು ಸಲ ಓದಿ, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದರೆ ವಿಷಯ ಪರಿಚಿತವೆನಿಸುತ್ತದೆ. ಪರಿಚಿತವೆನಿಸುವುದು ಬೇರೆ, ಬರುವುದು ಬೇರೆ.

ಜರ್ಮನಿಯ ಮನೋವಿಜ್ಞಾನಿ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಗಂಟೆಗಳಲ್ಲೇ ಮರೆವು ಅತಿ ವೇಗವಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅಲ್ಲಿ ಕಂಡುಬಂತು. ಇದಕ್ಕಿಂತ ನಮಗೆ ಹೆಚ್ಚು ಉಪಯೋಗವಾಗುವುದು ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದು ಗುಂಪು ಪಠ್ಯವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ ಮತ್ತು ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದುವವರಿಗೆ ತಮ್ಮ ಕ್ರಮ ಸರಿಯೆಂದು ಏಕೆ ಅನಿಸುತ್ತದೆ, ಆರು ತಿಂಗಳ ಬಳಿಕ ವಾರ್ಡಿನಲ್ಲಿ ನಿಂತಾಗ ಏನೂ ಏಕೆ ನೆನಪಾಗುವುದಿಲ್ಲ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಅದರಲ್ಲಿದೆ.

ಹಾಗಾಗಿ ಈಗಲೇ ಒಂದು ಅಭ್ಯಾಸ ಮಾಡಿಕೊಳ್ಳಿ. ನಿಮಗೆ ಇಷ್ಟವಾದ ಮೂತ್ರಪಿಂಡದ ಸೋಸುವ ಘಟಕವಾದ ನೆಫ್ರಾನನ್ನೇ ತೆಗೆದುಕೊಳ್ಳಿ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಅದರ ಚಿತ್ರ ಬರೆದು, ಯಾವ ಭಾಗದಲ್ಲಿ ನೀರು ಹಿಂತಿರುಗುತ್ತದೆ, ಎಲ್ಲಿ ಸೋಡಿಯಂ, ಎಲ್ಲಿ ಗ್ಲೂಕೋಸ್ ಎಂದು ಗುರುತಿಸಿ. ತಡವರಿಸಿದ ಜಾಗವನ್ನು ಮಾತ್ರ ಪುಸ್ತಕದಲ್ಲಿ ನೋಡಿ. ಮೂರು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಈ ಕ್ರಮದಲ್ಲಿ ಓದು ನಿಧಾನವೆನಿಸುತ್ತದೆ, ಕಷ್ಟವೂ ಆಗುತ್ತದೆ. ಆ ಕಷ್ಟದಲ್ಲೇ ಕಲಿಕೆ ನಡೆಯುತ್ತಿರುತ್ತದೆ.

ಭೌತಶಾಸ್ತ್ರವನ್ನು ಪ್ರವೇಶ ಪರೀಕ್ಷೆಗೆ ಬೇಕಾದ ಪೀಡೆಯೆಂದು ತಿಳಿಯುವವರೇ ಹೆಚ್ಚು, ಅದು ನನಗೆ ಬೇಸರದ ಸಂಗತಿ. ಕೊಳವೆಯೊಳಗಿನ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆಂಬ ನಿಯಮವನ್ನು ಕಂಡುಕೊಂಡ ಫ್ರಾನ್ಸಿನ ಪ್ವಾಸೈ ವೈದ್ಯಕೀಯ ಓದಿದವರೇ. ಸಣ್ಣ ನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆಂದು ತಿಳಿಯಲು ಹೊರಟು ಅವರು ಆ ನಿಯಮವನ್ನು ತಲುಪಿದರು. ನಾಳದ ತ್ರಿಜ್ಯ ಅರ್ಧಕ್ಕಿಳಿದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಶ್ವಾಸನಾಳ ತುಸುವೇ ಊದಿಕೊಂಡ ಹಸುಳೆ ಅಷ್ಟೊಂದು ಏದುಸಿರು ಬಿಡುವುದೇಕೆ ಎಂಬುದಕ್ಕೆ ಕಾರಣದ ದೊಡ್ಡ ಪಾಲು ಇದೇ ಲೆಕ್ಕದಲ್ಲಿದೆ. ರಸಾಯನಶಾಸ್ತ್ರದಲ್ಲಿ ಆಮ್ಲ, ಪ್ರತ್ಯಾಮ್ಲ, ಬಫರ್ ಪಾಠಗಳನ್ನು ಬಿಡಬೇಡಿ: ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ) 7.35ರಿಂದ 7.45ರ ಒಳಗೆ ಉಳಿಯುವುದರಲ್ಲಿ ನಿಮ್ಮ ಮೂತ್ರಪಿಂಡದ ಪಾತ್ರವೇ ಬಹಳಷ್ಟಿದೆ.

ನಿದ್ದೆಗೆಟ್ಟು ಓದಬೇಡಿ ಎಂಬುದೊಂದನ್ನು ಸೇರಿಸುತ್ತೇನೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ.

ಉತ್ತರ 3 – ಹಿರಿಯ ನರ್ಸ್

ತಂಗಿ, ರಕ್ತ ಕಂಡರೆ ಕಣ್ಣು ಕತ್ತಲೆ ಬರುವ ಮಾತಿಗೆ ಯಾರೂ ಉತ್ತರಿಸಲಿಲ್ಲ, ಅದನ್ನು ನಾನೇ ಮೊದಲು ಎತ್ತಿಕೊಳ್ಳುತ್ತೇನೆ. ಇದು ಪುಕ್ಕಲುತನವಲ್ಲ. ಬೇರೆ ಭಯಗಳಲ್ಲಿ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ರಕ್ತ, ಸೂಜಿ, ಗಾಯಗಳ ವಿಷಯದಲ್ಲಿ ಕೆಲವರಿಗೆ ಅವು ಮೊದಲು ಏರಿ ಆಮೇಲೆ ಥಟ್ಟನೆ ಕುಸಿಯುತ್ತವೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ, ಬೆವರು ಬಂದು, ಕಿವಿ ಗುಂಯ್ ಎಂದು, ಕಣ್ಣು ಮಂಜಾಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಮೊದಲ ದಿನ ಗೋಡೆಗೆ ಒರಗಿ ಜಾರಿದ ವಿದ್ಯಾರ್ಥಿಗಳನ್ನು ನಾನು ಎಷ್ಟೋ ಸಲ ಹಿಡಿದು ಕೂರಿಸಿದ್ದೇನೆ. ಅವರಲ್ಲಿ ಶಸ್ತ್ರಚಿಕಿತ್ಸಕರಾದವರೂ ಇದ್ದಾರೆ.

ಇದಕ್ಕೆ ಅಭ್ಯಾಸದಿಂದ ಸಾಧಿಸುವ ಉಪಾಯವೊಂದಿದೆ, 1980ರ ದಶಕದಲ್ಲಿ ಸ್ವೀಡನ್ನಿನ ಮನೋವಿಜ್ಞಾನಿಗಳು ಅದನ್ನು ರೂಪಿಸಿದರು. ಕುಳಿತುಕೊಂಡು ತೋಳು, ಹೊಟ್ಟೆ, ತೊಡೆಗಳ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖ ಬೆಚ್ಚಗಾಗುವವರೆಗೆ, ಬಿಗಿಹಿಡಿಯಬೇಕು. ಇಪ್ಪತ್ತು ಮೂವತ್ತು ಸೆಕೆಂಡು ಸಹಜ ಸ್ಥಿತಿಗೆ ಬಿಡಬೇಕು, ಪೂರ್ತಿ ಸಡಿಲಿಸಬಾರದು. ಹೀಗೆ ಐದು ಸಲ. ಸ್ನಾಯುಗಳು ಬಿಗಿದಾಗ ರಕ್ತದೊತ್ತಡ ಏರುತ್ತದೆ, ಕುಸಿತಕ್ಕೆ ತಡೆ ಬೀಳುತ್ತದೆ. ಮನೆಯಲ್ಲಿ ರೂಢಿ ಮಾಡಿಕೊಂಡು, ಮೊದಲು ಚಿತ್ರ ನೋಡುವಾಗ, ಆಮೇಲೆ ರಕ್ತ ತೆಗೆಯುವುದನ್ನು ನೋಡುವಾಗ ಪ್ರಯೋಗಿಸಿ. ಹೊಟ್ಟೆ ಖಾಲಿಯಿಟ್ಟುಕೊಂಡು ಹೋಗಬೇಡಿ, ಮಂಡಿಗಳನ್ನು ಸೆಟೆದು ನಿಲ್ಲಬೇಡಿ, ತಲೆ ತಿರುಗಿದರೆ ನಾಚದೆ ಕುಳಿತುಬಿಡಿ. ಬೇರೆ ಯಾವ ಕಾರಣವೂ ಇಲ್ಲದೆ, ಓಡಾಡುವಾಗ ಅಥವಾ ವ್ಯಾಯಾಮ ಮಾಡುವಾಗ ಪ್ರಜ್ಞೆ ತಪ್ಪಿದರೆ ಮಾತ್ರ ಅದು ಬೇರೆ ವಿಷಯ, ವೈದ್ಯರಿಗೆ ತೋರಿಸಲೇಬೇಕು.

ಈಗ ತಯಾರಿಯ ಮಾತು. ನಿಮ್ಮ ವಯಸ್ಸಿನವರನ್ನು ಸ್ವಯಂಸೇವಕರಾಗಿ ಸೇರಿಸಿಕೊಳ್ಳುವ ಆಸ್ಪತ್ರೆ, ವೃದ್ಧಾಶ್ರಮ ಅಥವಾ ಉಪಶಾಮಕ ಆರೈಕೆಯ (ಗಂಭೀರ ಕಾಯಿಲೆಯವರ ನೋವು ತಗ್ಗಿಸುವ) ಕೇಂದ್ರ ಹತ್ತಿರದಲ್ಲಿದ್ದರೆ ಅನುಮತಿ ಪಡೆದು ಹೋಗಿ. ಶಸ್ತ್ರಚಿಕಿತ್ಸೆ ನೋಡಲು ಸಿಗುತ್ತದೆಂಬ ಆಸೆಯಿಂದ ಬೇಡ. ಹಾಸಿಗೆಯಿಂದ ಕುರ್ಚಿಗೆ ರೋಗಿಯನ್ನು ಹೇಗೆ ಎತ್ತಿ ಕೂರಿಸುತ್ತಾರೆ, ನುಂಗಲು ಕಷ್ಟಪಡುವವರಿಗೆ ಚಮಚದಲ್ಲಿ ಎಷ್ಟೆಷ್ಟು ಉಣಿಸುತ್ತಾರೆ, ಕಿವಿ ಮಂದವಾದವರೊಡನೆ ಮುಖ ಕಾಣುವಂತೆ ಕುಳಿತು ಹೇಗೆ ಮಾತನಾಡುತ್ತಾರೆ, ಇವನ್ನೆಲ್ಲ ನೋಡಿ. ವೈದ್ಯರು ರೌಂಡ್ಸ್ ಮುಗಿಸಿ ಹೋದ ಮೇಲೆ ಹಾಸಿಗೆಯ ಪಕ್ಕ ಅರ್ಧ ಗಂಟೆ ಇರಿ. ಆಗ ರೋಗಿ "ಡಾಕ್ಟರು ಹೇಳಿದ್ದೇನು?" ಎಂದು ಪಕ್ಕದವರನ್ನು ಕೇಳುತ್ತಾರೆ. ತಲೆಯಾಡಿಸಿದವರೆಲ್ಲರಿಗೂ ಅರ್ಥವಾಗಿರುವುದಿಲ್ಲ ಎಂಬ ತಿಳಿವಳಿಕೆ ನಿಮಗೆ ಈ ವಯಸ್ಸಿನಲ್ಲೇ ಬಂದರೆ, ಮುಂದೆ ನಿಮ್ಮ ರೋಗಿಗಳಿಗೆ ಅದರಿಂದ ಆಗುವ ಉಪಕಾರ ಸಣ್ಣದಲ್ಲ.

ಅಲ್ಲಿ ಪಾಲಿಸಲೇಬೇಕಾದವು ಕೆಲವಿವೆ. ಕಂಡದ್ದನ್ನು, ಕೇಳಿದ್ದನ್ನು ಹೊರಗೆ ಆಡಬಾರದು. ಹೆಸರು ಬಿಟ್ಟು ಹೇಳಿದರೂ ಗುರುತು ಸಿಗಬಹುದು. ಫೋಟೋ ಬೇಡವೇ ಬೇಡ. ಒಬ್ಬ ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆಯಬೇಕು. ಕೈ ತೊಳೆಯುವ ಮಾತು ಬಂದಾಗ ನಾನು ಹೊಸಬರಿಗೆಲ್ಲ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ವಿಷಯ ಹೇಳುತ್ತೇನೆ. ವಿಯೆನ್ನಾದ ದೊಡ್ಡಾಸ್ಪತ್ರೆಯ ಎರಡು ಹೆರಿಗೆ ವಿಭಾಗಗಳಲ್ಲಿ, ಶವಪರೀಕ್ಷೆ ಮುಗಿಸಿ ನೇರವಾಗಿ ಬರುತ್ತಿದ್ದ ವೈದ್ಯರು ಮತ್ತು ವೈದ್ಯವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಸೂಲಗಿತ್ತಿಯರ ವಿಭಾಗದಲ್ಲಿ ಸಾವು ಕಡಿಮೆಯಿತ್ತು. 1847ರಲ್ಲಿ ಅವರು ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. 1846ರಲ್ಲಿ ನೂರಕ್ಕೆ ಹನ್ನೊಂದರಷ್ಟಿದ್ದ ಸಾವು 1848ರಲ್ಲಿ ನೂರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಆದರೂ ಆ ಕಾಲದ ಬಹಳಷ್ಟು ವೈದ್ಯರು ಒಪ್ಪಲಿಲ್ಲ, ಏಕೆಂದರೆ ಒಪ್ಪಿದರೆ ತಮ್ಮ ಕೈಗಳೇ ಸಾವನ್ನು ಹೊತ್ತು ತಂದವೆಂದು ಒಪ್ಪಿದಂತಾಗುತ್ತಿತ್ತು. ವೈದ್ಯರಾಗಬೇಕೆನ್ನುವವರು ಜ್ಞಾನದ ಜೊತೆಗೆ, ತಮ್ಮ ಕೆಲಸದ ಫಲವನ್ನು ಲೆಕ್ಕ ಹಾಕಿ ನೋಡುವ ಎದೆಗಾರಿಕೆಯನ್ನೂ ಬೆಳೆಸಿಕೊಳ್ಳಬೇಕೆಂದು ನಾನು ಇದನ್ನು ಹೇಳುವುದು.

ಉತ್ತರ 4 – ಪ್ರಯೋಗಾಲಯ ವಿಜ್ಞಾನಿ

ಮೇಲಿನವರೆಲ್ಲ ಹೇಳಿದ್ದನ್ನು ಗೌರವದಿಂದಲೇ ಓದಿದೆ. ಒಂದು ಕಡೆ ನನ್ನ ಅಭಿಪ್ರಾಯ ಬೇರೆಯಿದೆ. ಕುತೂಹಲ ಮತ್ತು ಕಾಳಜಿ ರೋಗಿಯ ಮಗ್ಗುಲಲ್ಲಿ ಬೇರೆಯಾಗಿ ಉಳಿಯುವುದಿಲ್ಲವೆಂದು ಮೊದಲ ಉತ್ತರದಲ್ಲಿ ಡಾಕ್ಟರು ಹೇಳಿದ್ದಾರೆ. ಅವರಂಥವರಿಗೆ ಅದು ನಿಜ. ಆದರೆ ಕೆಲವರ ಕುತೂಹಲಕ್ಕೆ ರೋಗಿಯ ಮಗ್ಗುಲು ತಕ್ಕ ಜಾಗವಲ್ಲ. ವಾರ್ಡಿನಲ್ಲಿ ಒಂದು ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಹೋಗಲು ಸಾಧ್ಯವಿಲ್ಲ. ಇಂದು ಬಂದವರಿಗೆ ಇಂದೇ, ಅರ್ಧಂಬರ್ಧ ಮಾಹಿತಿಯಲ್ಲೇ ತೀರ್ಮಾನ ಕೊಡಬೇಕು. ನೆಫ್ರಾನ್ ಹೇಗೆ ಕೆಲಸ ಮಾಡುತ್ತದೆಂಬುದೇ ನಿಮ್ಮನ್ನು ಎಬ್ಬಿಸಿ ಕೂರಿಸುತ್ತಿದ್ದರೆ, ಶರೀರಕ್ರಿಯಾಶಾಸ್ತ್ರದ ಸಂಶೋಧನೆ, ಔಷಧಶಾಸ್ತ್ರ, ಜೈವಿಕ ಎಂಜಿನಿಯರಿಂಗ್ ಇವೂ ನಿಮ್ಮ ದಾರಿಗಳೇ. ರೋಗಿಗಳ ಒಡನಾಟವೇ ಬೇಕೆನಿಸಿದರೆ ನರ್ಸಿಂಗ್, ಫಿಸಿಯೊಥೆರಪಿ, ಡಯಾಲಿಸಿಸ್ ತಂತ್ರಜ್ಞರ ಕೆಲಸಗಳಿವೆ. ದೊಡ್ಡಪ್ಪನವರೊಡನೆ ಆ ನಾಲ್ಕು ಗಂಟೆ ಇರುವವರು ಯಾರೆಂದು ಒಮ್ಮೆ ಗಮನಿಸಿ. ಸೀಟು ಸಿಗದವರು ಹಿಡಿಯುವ ಎರಡನೇ ದರ್ಜೆಯ ದಾರಿಗಳೆಂದು ಇವನ್ನು ಕಾಣುವುದು ನನಗೆ ನೋವು ತರುತ್ತದೆ.

ಡಯಾಲಿಸಿಸ್ ಯಂತ್ರದ ಚರಿತ್ರೆಯನ್ನೇ ನೋಡಿ. ನೆದರ್ಲೆಂಡ್ಸಿನ ವೈದ್ಯ ವಿಲ್ಲೆಮ್ ಕೋಲ್ಫ್ ಎರಡನೇ ಮಹಾಯುದ್ಧದ ನಡುವೆ, ಸಿಕ್ಕ ಸಾಮಗ್ರಿಗಳನ್ನೇ ಜೋಡಿಸಿ, ಸೆಲೊಫೇನ್ ಕೊಳವೆಯನ್ನು ಸುತ್ತಿದ ತಿರುಗುವ ಪೀಪಾಯಿಯನ್ನು ಕಟ್ಟಿದರು. ಮೊದಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ ಮಹಿಳೆಯೊಬ್ಬರು ಚಿಕಿತ್ಸೆಯ ನಂತರ ಚೇತರಿಸಿಕೊಂಡರು. ಕೋಲ್ಫ್ ವೈದ್ಯರೂ ಹೌದು, ಯಂತ್ರ ಕಟ್ಟಿದವರೂ ಹೌದು. ಇಂದು ಅವೆರಡು ಕೆಲಸಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯವರು ಮಾಡುತ್ತಾರೆ. ನಿಮ್ಮ ಮನಸ್ಸು ಯಾವುದರ ಕಡೆಗಿದೆ ಎಂಬುದನ್ನು ಅವಸರವಿಲ್ಲದೆ ನೋಡಿಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ.

ಪ್ರಶ್ನೆ ಕೇಳಿದವರು

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು. ನರ್ಸ್ ಅಕ್ಕ, ಸ್ನಾಯು ಬಿಗಿಹಿಡಿಯುವ ಅಭ್ಯಾಸವನ್ನು ಇಂದೇ ಶುರು ಮಾಡುತ್ತೇನೆ. ಪ್ರಯೋಗಾಲಯದ ಸರ್ ಹೇಳಿದ್ದನ್ನು ಓದಿದ ಮೇಲೆ ಯೋಚಿಸಿದೆ: ನನಗೆ ನೆಫ್ರಾನಿನಷ್ಟೇ ಆ ಬಾಟಲಿಯೂ ಮುಖ್ಯವೆನಿಸುತ್ತಿದೆ, ಆದರೂ ವಾರ್ಡಿನಲ್ಲಿ ಕೆಲವು ತಿಂಗಳು ಕಳೆಯುವ ತನಕ ಖಚಿತವಾಗಿ ಹೇಳಲಾರೆ. ಒಂದು ಪ್ರಶ್ನೆ ಉಳಿದಿದೆ. ನಾನು ಅರ್ಜಿ ಹಾಕಬೇಕೆಂದಿರುವ ಕಾಲೇಜುಗಳಲ್ಲಿ ಕೆಲವು ಸಂದರ್ಶನ ಮಾಡುತ್ತವೆ. ಅಲ್ಲಿ ದೊಡ್ಡಪ್ಪನವರ ವಿಷಯ ಹೇಳಬಹುದೇ? ಅನುಕಂಪ ಗಿಟ್ಟಿಸಲು ಹೇಳಿದಂತೆ ಕಾಣಬಹುದೆಂಬ ಸಂಕೋಚವಿದೆ.

ಉತ್ತರ 1 ಬರೆದ ವೈದ್ಯರು

ಪ್ರಯೋಗಾಲಯದ ಮಿತ್ರರ ಆಕ್ಷೇಪ ನ್ಯಾಯವಾದುದು. ನಾನು ನನ್ನ ಅನುಭವವನ್ನು ಎಲ್ಲರಿಗೂ ಅನ್ವಯಿಸಿ ಬರೆದಂತಿತ್ತು.

ಸಂದರ್ಶನದಲ್ಲಿ ಹೇಳಿ, ಆದರೆ ಮೊದಲು ದೊಡ್ಡಪ್ಪನವರನ್ನು ಕೇಳಿ, ಅವರು ಒಪ್ಪಿದರೆ ಹೇಳಿ. ಆಯ್ಕೆ ಸಮಿತಿಗಳಲ್ಲಿ ಕುಳಿತವನಾಗಿ ಹೇಳುವುದಾದರೆ, ಬಂಧುಗಳ ಕಾಯಿಲೆಯ ಪ್ರಸ್ತಾಪ ಬಂದಾಗ ನಾವು ಅನುಕಂಪವನ್ನು ಅಳೆಯುವುದಿಲ್ಲ, ಆ ಅನುಭವದಿಂದ ಅಭ್ಯರ್ಥಿ ಮುಂದೆ ಏನು ಮಾಡಿದರೆಂದು ನೋಡುತ್ತೇವೆ. ಏನು ಓದಿದಿರಿ, ಯಾರನ್ನು ಕೇಳಿದಿರಿ, ನೀರಿನ ಮಿತಿ ಏಕೆ ಬೇಕು, ಆ ಮಿತಿಯನ್ನು ಪಾಲಿಸಲಾಗದ ರೋಗಿಯೊಡನೆ ಹೇಗೆ ಮಾತನಾಡುತ್ತೀರಿ ಎಂಬ ಪ್ರಶ್ನೆಗಳು ಸಹಜವಾಗಿ ಬರುತ್ತವೆ. ಕೊನೆಯ ಪ್ರಶ್ನೆಗೆ "ಗದರುತ್ತೇನೆ" ಅಥವಾ "ತಿಳಿಹೇಳುತ್ತೇನೆ" ಎಂದು ತಕ್ಷಣ ಹೇಳುವವರಿಗಿಂತ, "ಬಾಯಾರಿಕೆ ಯಾವ ಹೊತ್ತಿನಲ್ಲಿ ಹೆಚ್ಚಾಗುತ್ತದೆಂದು ಮೊದಲು ಕೇಳುತ್ತೇನೆ" ಎನ್ನುವವರು ನಮ್ಮ ಗಮನ ಸೆಳೆಯುತ್ತಾರೆ. ಊಟದಲ್ಲಿ ಉಪ್ಪು ಹೆಚ್ಚಾದರೆ ಬಾಯಾರಿಕೆಯೂ ಹೆಚ್ಚುತ್ತದೆ; ನೀರನ್ನು ಕಡಿಮೆ ಮಾಡುವ ದಾರಿ ಹಲವು ಸಲ ಉಪ್ಪಿನಿಂದ ಆರಂಭವಾಗುತ್ತದೆ.

ಕೆಲವು ಕಡೆ ಸಂದರ್ಶನವು ಒಂದೇ ಕೋಣೆಯಲ್ಲಿ ನಡೆಯದೆ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ರೂಪಿಸಿದ ಮಾದರಿಯಲ್ಲಿ, ಕೆಲವೇ ನಿಮಿಷಗಳ ಹಲವು ಚಿಕ್ಕ ಭೇಟಿಗಳಾಗಿ ನಡೆಯುತ್ತದೆ. ಒಂದೊಂದರಲ್ಲಿ ಒಂದೊಂದು ಸನ್ನಿವೇಶ ಕೊಡುತ್ತಾರೆ, ಬೇರೆ ಬೇರೆಯವರು ಅಂಕ ಹಾಕುತ್ತಾರೆ. ಅದಕ್ಕೆ ಬಾಯಿಪಾಠದ ಉತ್ತರ ಒದಗುವುದಿಲ್ಲ. ಗೆಳತಿಯರೊಡನೆ ಕುಳಿತು, ಒಂದು ಸನ್ನಿವೇಶವನ್ನು ತೆಗೆದುಕೊಂಡು ಎರಡು ನಿಮಿಷ ಯೋಚಿಸಿ ಐದು ನಿಮಿಷ ಗಟ್ಟಿಯಾಗಿ ಮಾತನಾಡುವುದನ್ನು ರೂಢಿಸಿಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದನ್ನೂ ಅದರಲ್ಲೇ ಅಭ್ಯಾಸ ಮಾಡಿ.

ಅರ್ಜಿಯ ಜೊತೆಗೆ ಬರೆಯುವ ಹೇಳಿಕೆಯನ್ನು ಈ ವಾರವೇ ಒಂದು ಪುಟ ಬರೆದಿಡಿ. ವಾರ್ಡಿಗೆ ಹೋಗಿ ಬಂದ ಮೇಲೆ ಅದನ್ನು ನೋಡದೆ ಇನ್ನೊಂದು ಪುಟ ಬರೆಯಿರಿ. ಎರಡನ್ನೂ ಎದುರುಬದುರು ಇಟ್ಟು, ಎಲ್ಲೆಲ್ಲಿ ಬದಲಾಗಿದೆಯೋ ಆ ಜಾಗಗಳನ್ನು ಗುರುತಿಸಿ. ಸಮಿತಿಯವರಿಗೆ ಹೇಳಬೇಕಾದ ಸಂಗತಿಗಳು ನಿಮಗೆ ಹೆಚ್ಚಾಗಿ ಅಲ್ಲೇ ಸಿಗುತ್ತವೆ. ಬೇಕೆನಿಸಿದರೆ ಎರಡನೇ ಪುಟವನ್ನು ಇಲ್ಲಿ ಹಾಕಿ, ಓದಿ ಅಭಿಪ್ರಾಯ ತಿಳಿಸುತ್ತೇನೆ.